ಉಪ್ಪಿನ ಜಾಗ

ಹರ್ನ್‌ಡನ್, ವರ್ಜೀನಿಯಾ
೧೪ ನವೆಂಬರ್ ೨೦೨೨

ಶ್ರೀ ಹಫೀಜುಲ್ಲಾ ಅವರಿಗೆ,

ನಮಸ್ಕಾರ. ನೀವು ನನ್ನನ್ನು ಕಂಡವರಲ್ಲ. ನನ್ನ ಹೆಸರು ರಾಜಲಕ್ಷ್ಮಿ. ಮೈಸೂರಿನ ಕೃಷ್ಣಮೂರ್ತಿಪುರಂನವಳು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಈಗ ಎಂಬತ್ತೊಂದು ವಯಸ್ಸು, ಮಗಳು ರಚನಾಳ ಮನೆಯಲ್ಲಿದ್ದೇನೆ.

ಕನ್ನಡ ಕೂಟದ ದೀಪಾವಳಿ ಸಂಚಿಕೆಯಲ್ಲಿ ನಿಮ್ಮ ಫೋಟೋ ನೋಡಿದೆ. ನಿಮ್ಮೂರು ಕಮ್ಮಿಂಗಿನ ಲೈಬ್ರರಿಯಲ್ಲಿ ನಡೆದ ಹಳೆಯ ವಸ್ತುಗಳ ಪ್ರದರ್ಶನದಲ್ಲಿ ನೀವು ಒಂದು ಅಲ್ಯುಮಿನಿಯಂ ತಟ್ಟೆ ಹಿಡಿದು ನಿಂತಿದ್ದೀರಿ. ಎರಡನೇ ಮಹಾಯುದ್ಧದಲ್ಲಿ ಜಪಾನಿಯರ ಕೂಲಿ ಶಿಬಿರದಲ್ಲಿದ್ದ ಕೈದಿಯೊಬ್ಬರು ಬಿದ್ದ ವಿಮಾನದ ರೆಕ್ಕೆಯಿಂದ ಮಾಡಿದ ತಟ್ಟೆ ಎಂದು ಕೆಳಗೆ ಬರೆದಿದ್ದಾರೆ. ತಟ್ಟೆಯ ಅಂಚಿನಲ್ಲಿ ಕನ್ನಡ ಅಕ್ಷರಗಳಿದ್ದವು. ಭೂತಕನ್ನಡಿ ಹಿಡಿದು ಓದಿದೆ. ಕೇಶವಮೂರ್ತಿ.

ಅದು ನನ್ನ ತಂದೆಯ ಹೆಸರು.

ನನ್ನ ತಂದೆ ಮೈಸೂರು ಸಂಸ್ಥಾನದ ಪಡೆಯಲ್ಲಿ ಗುಮಾಸ್ತರಾಗಿದ್ದರು. ನಾನು ಹುಟ್ಟುವ ಮೂರು ತಿಂಗಳು ಮುಂಚೆ ಅವರನ್ನು ಹಡಗು ಹತ್ತಿಸಿದರು. ಸಿಂಗಾಪುರ ಬಿದ್ದಾಗ ಸೆರೆಯಾದರು. ನ್ಯೂಗಿನಿಯ ಕಾಡಿನಲ್ಲಿ ಮಣ್ಣು ಹೊರಲು ಕರೆದೊಯ್ದರಂತೆ. ೧೯೪೪ರಲ್ಲಿ ತೀರಿಕೊಂಡರು ಎಂದು ಒಂದು ಸರ್ಕಾರಿ ಕಾಗದ ಬಂತು. ಯಾವ ದಿನ ಎಂದು ಅದರಲ್ಲಿಲ್ಲ. ಅಸ್ಥಿ ಇಲ್ಲ, ಉಂಗುರ ಇಲ್ಲ, ಒಂದು ಗುಂಡಿಯೂ ಇಲ್ಲ. ಯುದ್ಧ ಮುಗಿದ ಮೇಲೆ ಸಿಪಾಯಿಯೊಬ್ಬ ಬಟ್ಟೆಯ ಗಂಟೊಂದನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದಿದ್ದ. ನನಗೆ ಆಗ ಐದು ವರ್ಷ. ಅಮ್ಮ ಅವನಿಗೆ ಮಜ್ಜಿಗೆ ಕೊಟ್ಟಳು. "ಸ್ವಾಮಿಗಳು ಕೊನೆಯವರೆಗೂ ಮಡಿ ಬಿಡಲಿಲ್ಲ ತಾಯಿ, ಕಂಡವರ ಕೈಯ ಅನ್ನ ಮುಟ್ಟಲಿಲ್ಲ" ಎಂದು ಹೇಳಿ ಹೋದ. ಅಮ್ಮ ಮುಂದಿನ ಐವತ್ತೆರಡು ವರ್ಷ ಬದುಕಿದ್ದು ಆ ಒಂದು ಮಾತಿನ ಮೇಲೆ.

ತಟ್ಟೆಯ ಮೇಲೆ ಯಾರ ಹೆಸರಿದೆಯೋ ತಟ್ಟೆ ಅವರದು. ಇದನ್ನು ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೀರಿಕೊಂಡ ದಿನ ಗೊತ್ತಿಲ್ಲದ್ದರಿಂದ ಮಹಾಲಯ ಅಮಾವಾಸ್ಯೆಯಂದು ಅವರಿಗೆ ಎಡೆ ಇಡುತ್ತೇವೆ. ಮುಂದಿನ ಅಮಾವಾಸ್ಯೆಗೆ ಆ ತಟ್ಟೆ ನನ್ನ ಬಳಿ ಇರಬೇಕು. ದಯವಿಟ್ಟು ಕಳಿಸಿ. ಫೋನ್ ನಂಬರ್ ಕೆಳಗಿದೆ.

ಇತಿ,
ರಾಜಲಕ್ಷ್ಮಿ


ಕಮ್ಮಿಂಗ್, ಜಾರ್ಜಿಯಾ
೨೮ ನವೆಂಬರ್ ೨೦೨೨

ಶ್ರೀಮತಿ ರಾಜಲಕ್ಷ್ಮಮ್ಮನವರ ಸನ್ನಿಧಾನಕ್ಕೆ ಹಫೀಜುಲ್ಲಾನ ಸಲಾಮು, ನಮಸ್ಕಾರ, ಎರಡೂ!

ನಿಮ್ಮ ಪತ್ರವನ್ನು ಎದ್ದು ನಿಂತು ಓದಿದೆ. ಗಟ್ಟಿಯಾಗಿ ಓದಿದೆ. ಅಡುಗೆಮನೆಯಿಂದ ನನ್ನ ಹೆಂಡತಿ ಫಿರೋಜಾ "ಯಾರ ಜೊತೆ ಜಗಳ ರೀ?" ಎಂದು ಓಡಿ ಬಂದಳು. ಇನ್ನೂ ಶುರುವಾಗಿಲ್ಲ ಎಂದೆ.

ಫೋನ್ ಮಾಡಲಾರೆ, ಕ್ಷಮಿಸಿ. ನನ್ನ ಎಡಗಿವಿ ನಿವೃತ್ತಿಯಾಗಿದೆ, ಬಲಗಿವಿ ಅರ್ಜಿ ಹಾಕಿದೆ. ಮೊಮ್ಮಗಳು ನಾಯಿಲಾ, "ದಾದಾ, ಜಸ್ಟ್ ಟೆಕ್ಸ್ಟ್ ಮಾಡಿ! ಸ್ಟ್ಯಾಂಪ್ ಯಾಕೆ?" ಎನ್ನುತ್ತಾಳೆ. ನನ್ನ ದನಿ ಆ ಅಂಗೈಯಗಲದ ಗಾಜಿನಲ್ಲಿ ಹಿಡಿಸುವುದಿಲ್ಲ ತಾಯಿ. ಕಾಗದ ಬೇಕು.

ಈಗ ಮುಖ್ಯ ಅಂಕ. ಆ ತಟ್ಟೆಯನ್ನು ಮಾಡಿದವರು ನನ್ನ ತಂದೆ, ಮಂಡಿ ಮೊಹಲ್ಲಾದ ದಸ್ತಗೀರ್ ಸಾಬರು! ಪಡೆ ಸೇರುವ ಮುಂಚೆಯೂ, ಬದುಕಿ ಬಂದ ಮೇಲೂ, ನಾಟಕ ಕಂಪನಿಗಳಿಗೆ ತಗಡಿನ ಕಿರೀಟ, ಗದೆ, ಎದೆಕವಚ ಮಾಡಿಕೊಟ್ಟವರು. ಮೈಸೂರು ಸೀಮೆಯ ಅರ್ಧದಷ್ಟು ದುರ್ಯೋಧನರು ತೊಡೆ ಮುರಿಸಿಕೊಂಡು ಬೀಳುವಾಗ ತಲೆಯ ಮೇಲಿದ್ದದ್ದು ನನ್ನಪ್ಪನ ಕಿರೀಟ. ನಾನು ಬೆಳೆದದ್ದೇ ಪರದೆಯ ಹಿಂದೆ, ಬಣ್ಣದ ಪೆಟ್ಟಿಗೆಯ ಮೇಲೆ ಕೂತು.

ಅಪ್ಪ ಯುದ್ಧದಿಂದ ತಂದದ್ದು ಎರಡೇ, ಮಲೇರಿಯಾ ಮತ್ತು ಈ ತಟ್ಟೆ. ೧೯೯೧ರಲ್ಲಿ ಕಣ್ಣು ಮುಚ್ಚುವವರೆಗೂ ಇದರಲ್ಲೇ ಊಟ. ಮದುವೆ ಮನೆಗೂ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು, ನಮಗೆಲ್ಲ ತಲೆ ತಗ್ಗಿಸುವ ಹಾಗೆ. ಇದರ ಅಂಚಿನಲ್ಲಿ ಒಂದು ಮೂಲೆಗೆ ಏನೂ ತಾಗಕೂಡದು. ಒಂದು ಅಗುಳು ಅತ್ತ ಜಾರಿದರೂ ಬೆರಳಿಂದ ಎಳೆದುಕೊಳ್ಳುತ್ತಿದ್ದರು. ಒಮ್ಮೆ ಅಮ್ಮಿ ಅಲ್ಲಿ ಚಿಟಿಕೆ ಉಪ್ಪು ಹಾಕಿದಳು ನೋಡಿ, ಅಪ್ಪ ತಟ್ಟೆ ಎತ್ತಿಕೊಂಡು ಎದ್ದೇಬಿಟ್ಟರು. "ಅಲ್ಲಿ ಹಾಕೋದು ನಮ್ಮನೆ ಉಪ್ಪಲ್ಲ ಕಣೇ!" ಅಮ್ಮಿ ಬಿಟ್ಟಾಳೆಯೇ? "ನಿಮ್ಮನೆ ಉಪ್ಪು ಅಂದ್ರೆ ಯಾವ್ದು? ನಾನು ಇಪ್ಪತ್ತು ವರ್ಷದಿಂದ ಹಾಕ್ತಿರೋದು ಯಾರ ಮನೆ ಉಪ್ಪು?" ಮೂರು ದಿನ ಮನೆಯಲ್ಲಿ ಮಾತಿಲ್ಲ.

ಇಂಥ ತಟ್ಟೆಯನ್ನು ಕಾಗದ ಬಂತು ಎಂದು ಕಟ್ಟಿ ಕಳಿಸಲೇ? ಆಗದು ತಾಯಿ. ನಿಮ್ಮ ತಂದೆಯವರ ಹೆಸರು ಅದರ ಮೇಲೆ ಹೇಗೆ ಬಂತು ಎಂದು ದಯವಿಟ್ಟು ಕೇಳಬೇಡಿ.

ನಿಮ್ಮ ವಿಧೇಯ,
ಹಫೀಜುಲ್ಲಾ


ಹರ್ನ್‌ಡನ್
೯ ಡಿಸೆಂಬರ್ ೨೦೨೨

ಶ್ರೀ ಹಫೀಜುಲ್ಲಾ ಅವರಿಗೆ,

ನಾಲ್ಕು ಪುಟ ಬರೆದಿದ್ದೀರಿ. ಅದರಲ್ಲಿ ಮೂರೂವರೆ ಪುಟ ಕಿರೀಟ. ನನ್ನ ಕೋರಿಕೆಗೆ ಉತ್ತರ ಎಲ್ಲಿದೆ ಎಂದು ಹುಡುಕಿದೆ. ಕೊನೆಯ ಸಾಲಿನಲ್ಲಿ "ಕೇಳಬೇಡಿ" ಎಂದಿದೆ. ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆ ನಾನು ಸೊನ್ನೆ ಕೊಟ್ಟಿದ್ದೇನೆ.

ನನ್ನ ಮದುವೆಗೆ ಅಮ್ಮ ಕೊಟ್ಟ ಪಾತ್ರೆಗಳ ಮೇಲೆ ಅಪ್ಪನ ಹೆಸರನ್ನೇ ಹಾಕಿಸಿದ್ದಳು. ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತಿದ್ದಾಗ ಪಕ್ಕದಲ್ಲಿ ನಿಂತು ಕಾಗುಣಿತ ನೋಡಿಕೊಂಡಳು. ಪಕ್ಕದ ಮನೆಯ ಡಬರಿ ನಮ್ಮ ಮನೆಗೆ ಬಂದರೆ ಹೆಸರು ನೋಡಿ ವಾಪಸು ಕೊಡುತ್ತಿದ್ದೆವು, ಖಾಲಿ ಕೊಡಬಾರದು ಎಂದು ಒಂದು ಹಿಡಿ ಸಕ್ಕರೆ ಹಾಕಿ. ನನಗೆ ಗೊತ್ತಿರುವ ನ್ಯಾಯ ಇಷ್ಟೇ.

ಮಾಡಿದವರು ನಿಮ್ಮ ತಂದೆ ಎನ್ನುತ್ತೀರಿ. ಇರಬಹುದು. ಮಡಿಯವರಿಗೆ ಬೇರೆ ತಟ್ಟೆ ಬೇಕಾಗುತ್ತದೆ. ನಮ್ಮ ತಂದೆ ಮಾಡಿಸಿಕೊಂಡಿದ್ದಾರೆ, ಹೆಸರು ಹಾಕಿಸಿಕೊಂಡಿದ್ದಾರೆ. ಅಕ್ಕಸಾಲಿಗ ಬಳೆ ಮಾಡಿದರೆ ಬಳೆ ಅವನದಾಗುತ್ತದೆಯೇ?

ಇಡೀ ತಟ್ಟೆಯ ಒಂದು ಸ್ಪಷ್ಟವಾದ ಫೋಟೋ ಕಳಿಸಿ. ಪತ್ರಿಕೆಯಲ್ಲಿ ನಿಮ್ಮ ಅಂಗೈ ಅರ್ಧ ತಟ್ಟೆಯನ್ನು ಮುಚ್ಚಿದೆ. ಇಡೀ ತಟ್ಟೆ. ಅಡಿಗೆರೆ ಎಳೆದಿದ್ದೇನೆ, ಗಮನಿಸಿ.

ರಾಜಲಕ್ಷ್ಮಿ


ಕಮ್ಮಿಂಗ್
೩ ಜನವರಿ ೨೦೨೩

ರಾಜಲಕ್ಷ್ಮಮ್ಮನವರೇ,

ಫೋಟೋ ಇಟ್ಟಿದ್ದೇನೆ. ತೆಗೆದವಳು ನಾಯಿಲಾ. ಅರ್ಧಕ್ಕೆ ಟವಲ್ ಹೊದಿಸಿದಂತೆ ಕಾಣುತ್ತದೆ, ನಿಜ. ಕಿಟಕಿಯ ಬೆಳಕು ಹೊಳೆದು ಕಣ್ಣು ಕುಕ್ಕುತ್ತಿತ್ತು. ಅಲ್ಲದೆ ತಟ್ಟೆ ಹಳೆಯದು, ಚಳಿಗಾಲ, ನಾಜೂಕು.

ಒಂದು ಸಂಧಾನಕ್ಕೆ ಬರೋಣ. ಅಪ್ಪ ಮಾಡಿದ ಒಂದು ಕಿರೀಟ ನನ್ನ ಬಳಿ ಇದೆ. ಬೇಗಡೆ, ಗಾಜಿನ ಹರಳು, ನವಿಲುಗರಿ ಸಮೇತ. ಅದನ್ನು ಕಳಿಸುತ್ತೇನೆ. ಇಟ್ಟುಕೊಳ್ಳಿ. ನಿಮ್ಮ ಮನೆಗೆ ಶೋಭೆ.

ತಟ್ಟೆ ಮಾತ್ರ ಬೇಡಿ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಹಫೀಜುಲ್ಲಾ


ಹರ್ನ್‌ಡನ್
೨೦ ಜನವರಿ ೨೦೨೩

ಹಫೀಜುಲ್ಲಾ ಅವರಿಗೆ,

ತಟ್ಟೆಗೆ ಚಳಿಯೇ? ಮೂವತ್ತೊಂದು ವರ್ಷ ಹೋಂವರ್ಕ್ ಮಾಡದ ಮಕ್ಕಳ ನೆಪಗಳನ್ನು ಕೇಳಿದ್ದೇನೆ. ಇಂಥದ್ದು ಕೇಳಿರಲಿಲ್ಲ. ರಚನಾಗೆ ತೋರಿಸಿದೆ. ಅವಳು ಆಫೀಸಿನ ಮೀಟಿಂಗಿನ ನಡುವೆ ಜೋರಾಗಿ ನಕ್ಕು, ಅತ್ತ ಕಡೆಯವರು ಏನಾಯಿತು ಎಂದು ಕೇಳುವಂತಾಯಿತು. "ಬಿಟ್ಬಿಡಮ್ಮ, ಯಾಕೆ ಬಿ.ಪಿ. ಜಾಸ್ತಿ ಮಾಡ್ಕೋತೀಯ? ಅವ್ರು ಕೊಡಲ್ಲ" ಎಂದಳು.

ನನ್ನ ಬಳಿ ಅಪ್ಪನದು ಎನ್ನಲು ಏನಿದೆ ಗೊತ್ತೇ? ಒಂದು ಗ್ರೂಪ್ ಫೋಟೋ. ಹಿಂದಿನ ಸಾಲಿನಲ್ಲಿ ಎಡದಿಂದ ಏಳನೆಯವರು. ಮುಂದಿನವರ ಪೇಟ ಅವರ ಗಲ್ಲವನ್ನು ಮರೆಮಾಡಿದೆ. ನಾನು ಎಂಬತ್ತೊಂದು ವರ್ಷದಿಂದ ತಂದೆಯ ಗಲ್ಲ ನೋಡಿಲ್ಲ. ನೀವು ನನಗೆ ನವಿಲುಗರಿ ಕಳಿಸುತ್ತೀರಿ!

ಇನ್ನು ಮುಚ್ಚುಮರೆ ಸಾಕು, ನೇರವಾಗಿ ಬರೆಯುತ್ತೇನೆ. ನನ್ನ ತಂದೆ ಸತ್ತರು. ನಿಮ್ಮ ತಂದೆ ಬದುಕಿದರು. ಸತ್ತವರ ತಟ್ಟೆ ಬದುಕಿದವರ ಕಂಕುಳಲ್ಲಿ ಮೈಸೂರಿಗೆ ಬಂತು. ಮಂಡಿ ಮೊಹಲ್ಲಾದಿಂದ ಕೃಷ್ಣಮೂರ್ತಿಪುರಕ್ಕೆ ಜಟಕಾದಲ್ಲಿ ಅರ್ಧ ಗಂಟೆ. ನಲವತ್ತೈದು ವರ್ಷದಲ್ಲಿ ಒಂದು ದಿನ ಬಂದು ಆ ವಿಧವೆಯ ಕೈಗೆ ಕೊಡಬೇಕು ಅನ್ನಿಸಲಿಲ್ಲವೇ? ಇದಕ್ಕೆ ಏನು ಹೆಸರು? ನಾನು ಬಲ್ಲ ಕನ್ನಡದಲ್ಲಿ ಇದಕ್ಕೆ ಕಳವು ಅನ್ನುತ್ತಾರೆ.

ರಾಜಲಕ್ಷ್ಮಿ


ಕಮ್ಮಿಂಗ್
೨ ಫೆಬ್ರವರಿ ೨೦೨೩

ಕಳವು!

ಹೌದು, ಕೂಗಿಯೇ ಬರೆಯುತ್ತಿದ್ದೇನೆ. ಪೆನ್ನಿನ ಮೊನೆ ಕಾಗದವನ್ನು ತೂತು ಮಾಡಿದೆ, ನೋಡಿ. ಎಪ್ಪತ್ತನಾಲ್ಕು ವರ್ಷ ನಾನು ಸಾಕಷ್ಟು ಅನ್ನಿಸಿಕೊಂಡಿದ್ದೇನೆ. ನನ್ನ ಅಪ್ಪನ ಬಗ್ಗೆ ಯಾರೂ ಆ ಮಾತು ಆಡಿರಲಿಲ್ಲ.

ಹಾಗಾದರೆ ಪರದೆ ಏಳಲಿ! ನಿಮ್ಮ ಬಾಗಿಲಿಗೆ ಬಂದ ಆ ಸಿಪಾಯಿ ಯಾರು ಎಂದುಕೊಂಡಿದ್ದೀರಿ ತಾಯಿ? ನನ್ನಪ್ಪ! ಕಂಕುಳ ಗಂಟಿನಲ್ಲಿ ಇದ್ದದ್ದೇನು? ಇದೇ ತಟ್ಟೆ! ಹಡಗಿಳಿದ ಹದಿನೈದನೇ ದಿನ, ಜ್ವರದಲ್ಲಿ ನಡುಗುತ್ತಾ, ನಿಮ್ಮ ಅಮ್ಮನ ಕೈಗೆ ಕೊಡಲೆಂದೇ ಬಂದಿದ್ದರು. ಜಗುಲಿಯ ಕೆಳಗೆ ನಿಂತರು. ನಿಮ್ಮ ಅಮ್ಮ ಮಜ್ಜಿಗೆ ತಂದರು. ಲೋಟ ಕೈಗೆ ಕೊಡಲಿಲ್ಲ. "ಕೈ ಹಿಡೀಪ್ಪಾ" ಎಂದು ಮೇಲಿನಿಂದ ಬೊಗಸೆಗೆ ಹೊಯ್ದರು. ಅಪ್ಪನಿಗೆ ಅದು ಹೊಸದಲ್ಲ, ಬೇಸರವೂ ಆಗಲಿಲ್ಲ. ಆದರೆ ಮಜ್ಜಿಗೆ ಕುಡಿಯುತ್ತಾ ಯೋಚಿಸಿದರಂತೆ. ಲೋಟ ತಾಗಿಸದ ಈ ಹೆಣ್ಣುಮಗಳ ಮುಂದೆ ಈ ತಟ್ಟೆಯನ್ನು ಹೇಗೆ ಬಿಚ್ಚಲಿ?

ಯಾಕೆಂದರೆ ಟವಲ್ ಹೊದಿಸಿದ ಅರ್ಧದ ಅಂಚಿನಲ್ಲಿ ಇನ್ನೊಂದು ಹೆಸರಿದೆ. ದಸ್ತಗೀರ್. ನಿಮ್ಮ ಕೇಶವಮೂರ್ತಿಗಳದೇ ಅಕ್ಷರ. ಅವರು ಬರೆದರು, ಅಪ್ಪ ಮೊಳೆಯಲ್ಲಿ ಕೊರೆದರು. ತಗಡು ಸಿಕ್ಕಿದ್ದು ಒಂದೇ ತುಂಡು, ತಟ್ಟೆ ಒಂದೇ. ನಿಮ್ಮ ತಂದೆ ಕಾಡಿನಲ್ಲೂ ಹಟ ಹಿಡಿದರು. "ನನ್ನದು ಬೇರೆ ಇರಬೇಕು ಸಾಬರೇ." ಅಪ್ಪನಿಗೆ ತಲೆ ಕೆಟ್ಟುಹೋಯಿತು. ಸರಿ, ನಡುವೆ ಒಂದು ಏಣು ಎಬ್ಬಿಸಿ, ಈ ಅರ್ಧ ನಿಮ್ಮದು, ಆ ಅರ್ಧ ನನ್ನದು ಎಂದರು. ಎದುರುಬದುರು ಕೂತು ಉಂಡರು.

ಆರು ತಿಂಗಳು ಇತ್ತು ಆ ಏಣು. ಆಮೇಲೆ ನಿಮ್ಮ ತಂದೆಯೇ ಕಲ್ಲು ತಂದು ಅಪ್ಪನ ಕೈಯಲ್ಲಿಟ್ಟು "ತಟ್ಟಿಬಿಡಿ ಸಾಬರೇ" ಅಂದರು. ಬೆರಳಾಡಿಸಿದರೆ ಈಗಲೂ ಅದರ ಗುರುತು ಸಿಗುತ್ತದೆ. ಹಾವು ತಿಂದರು ನಿಮ್ಮ ತಂದೆ! ಇಲಿ ತಿಂದರು! ನನ್ನಪ್ಪನ ಕೈಯಿಂದ, ಇದೇ ತಟ್ಟೆಯಿಂದ! ಇದನ್ನು ನಿಮ್ಮ ಅಮ್ಮನಿಗೆ ಹೇಳಬೇಕಿತ್ತೇ? ಅಪ್ಪ ಸುಳ್ಳು ಹೇಳಿ, ಗಂಟು ಎತ್ತಿಕೊಂಡು ಬಂದರು. ಆ ಸುಳ್ಳನ್ನು ನಾನೂ ಹೊತ್ತೆ. ಅದಕ್ಕೆ ನನಗೆ ಸಿಕ್ಕಿದ ಬಿರುದು, ಕಳ್ಳನ ಮಗ!

ಹಫೀಜುಲ್ಲಾ


ಕಮ್ಮಿಂಗ್
೩ ಫೆಬ್ರವರಿ ೨೦೨೩
(ತ್ವರಿತ ಅಂಚೆ)

ರಾಜಲಕ್ಷ್ಮಮ್ಮನವರೇ,

ನಿನ್ನೆ ಒಂದು ಪತ್ರ ಹಾಕಿದ್ದೇನೆ. ಅದು ಬಂದರೆ ಒಡೆಯಬೇಡಿ. ಹಾಗೆಯೇ ಹರಿದು ಎಸೆಯಿರಿ. ಪೋಸ್ಟ್ ಆಫೀಸಿಗೆ ಹೋಗಿ ವಾಪಸು ಕೇಳಿದೆ. ಕೌಂಟರಿನವಳು ಏನೋ ಹೇಳಿದಳು. ಕೇಳಿಸಲಿಲ್ಲ. ತಲೆ ಆಡಿಸಿದ್ದು ಮಾತ್ರ ಕಂಡಿತು.

ಒಡೆಯಬೇಡಿ. ಕೈಮುಗಿದು ಕೇಳುತ್ತೇನೆ.

ಹಫೀಜುಲ್ಲಾ


ಕಮ್ಮಿಂಗ್
೧೬ ಮೇ ೨೦೨೩

ರಾಜಲಕ್ಷ್ಮಮ್ಮನವರಿಗೆ,

ಮೂರು ತಿಂಗಳಾಯಿತು. ಟಪಾಲಿನ ಗಾಡಿ ಬೀದಿ ತಿರುಗಿದರೆ ನನಗೆ ಕಾಣುತ್ತದೆ, ಶಬ್ದ ಕೇಳಿಸದಿದ್ದರೂ. ದಿನಾ ಡಬ್ಬಿಯವರೆಗೆ ನಡೆಯುತ್ತೇನೆ. ಇಲ್ಲಿ ಕಾರಿಲ್ಲದೆ ನಡೆಯುವವನು ನಾನೊಬ್ಬನೇ. ಪಕ್ಕದ ಮನೆಯವರು ಕಾರು ನಿಲ್ಲಿಸಿ "ಅಂಕಲ್, ಎಲ್ಲಾ ಓಕೆನಾ?" ಎಂದು ಕೇಳುತ್ತಾರೆ. ಇಲ್ಲ ಎಂದು ಹೇಗೆ ಹೇಳಲಿ?

ಫಿರೋಜಾ ನನಗೆ ಹಿಡಿ ಶಾಪ ಹಾಕಿದ್ದಾಳೆ. "ವಯಸ್ಸಾದ ಹೆಂಗಸಿಗೆ ಹಾವು, ಇಲಿ ಅಂತ ಯಾರಾದ್ರೂ ಬರೀತಾರಾ? ನಾಟ್ಕದವ್ರ ಬುದ್ಧಿ! ಕೊನೇ ಸೀನ್‌ನಲ್ಲಿ ಕಿರುಚ್ದೆ ಇರೋಕಾಗಲ್ಲ ನಿಮ್ಗೆ." ಅಷ್ಟಕ್ಕೇ ನಿಲ್ಲಲಿಲ್ಲ. ಹೋದ ವಾರ ನಾನು ಕಿವಿ ಡಾಕ್ಟರ ಬಳಿ ಹೋಗಿದ್ದಾಗ, "ಇದನ್ನ ಅವರಿಗೆ ಕಳಿಸೋದೇ ಸರಿ, ಕೊಳಕಾಗಿ ಕಳಿಸೋಕಾಗುತ್ತಾ" ಎಂದು ತಟ್ಟೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟಿದ್ದಾಳೆ! ಬಂದು ನೋಡಿದವನು ಕೂಗಿದ ಕೂಗಿಗೆ ನಾಯಿಲಾ ಮಹಡಿಯಿಂದ ಇಳಿದು ಬಂದಳು. ಎಂಬತ್ತು ವರ್ಷದ ಇತಿಹಾಸವನ್ನು ಸಿಂಕಿನಲ್ಲಿ ಹರಿಸಿದಳಲ್ಲ ಎಂದು ನಾನು ತಲೆ ಚಚ್ಚಿಕೊಳ್ಳುತ್ತಿದ್ದರೆ, ಆ ಹುಡುಗಿ ತಟ್ಟೆಯನ್ನು ಬೆಳಕಿಗೆ ಹಿಡಿದು, "ದಾದಾ, ವೆಯ್ಟ್. ಇಲ್ಲಿ ಫುಲ್ ಬರ್ದಿದೆ" ಎಂದಳು.

ಮೈ ಬೆಳ್ಳಗಾಗಿ, ಗೀರುಗಳೊಳಗಿನ ಕಪ್ಪು ಎದ್ದು ಕಾಣುತ್ತಿತ್ತು. ನಾನು ಗೀಚು ಎಂದುಕೊಂಡಿದ್ದದ್ದೆಲ್ಲ ಅಕ್ಷರ. ತಟ್ಟೆಯ ಪಡಿಯಚ್ಚನ್ನು ಪೆನ್ಸಿಲಿನಲ್ಲಿ ಉಜ್ಜಿ ಇದರೊಂದಿಗೆ ಇಟ್ಟಿದ್ದೇನೆ. ನಿಮ್ಮ ತಂದೆಯ ಅರ್ಧದಲ್ಲಿ ಕೋಸಂಬರಿ, ಪಲ್ಯ, ಗೊಜ್ಜು, ಚಿತ್ರಾನ್ನ, ತೊವ್ವೆ ಎಂದಿದೆ, ಒಂದೊಂದು ಒಂದೊಂದು ಕಡೆ. ಎದುರಿನ ಅರ್ಧದಲ್ಲಿ ಅಕ್ಷರಗಳು ತಲೆಕೆಳಗು, ಎದುರು ಕೂತವನಿಗೆ ನೇರ. ಪಲಾವು, ಖುರ್ಮಾ, ಕಬಾಬು. ಆದರೆ ಹೋಳಿಗೆ ಇರುವುದು ನನ್ನಪ್ಪನ ಕಡೆ, ಶೀರ್ ಖುರ್ಮಾ ನಿಮ್ಮ ತಂದೆಯ ಕಡೆ. ಸಿಹಿಯನ್ನು ಅದಲು ಬದಲು ಮಾಡಿಕೊಂಡಿದ್ದಾರೆ, ಕಳ್ಳರು!

ಅಪ್ಪ ಒಮ್ಮೆ ಹೇಳಿದ್ದ ಮಾತು ಆಗ ಅರ್ಥವಾಯಿತು. "ದಿನಕ್ಕೆ ಒಂದು ಹಿಡಿ ಬೆಂದ ಗೆಣಸು ಸಿಗ್ತಿತ್ತು. ತಟ್ಟೇಲಿ ಎಲ್ಲಿಟ್ರೆ ಅದು ಅದಾಗ್ತಿತ್ತು" ಎಂದಿದ್ದರು. ನಾನು ಜ್ವರದ ಮಾತು ಎಂದುಕೊಂಡಿದ್ದೆ.

ನಿಮ್ಮ ತಂದೆಯ ಕಡೆ, ಎಡತುದಿಯಲ್ಲಿ ಮಾತ್ರ ಒಂದು ಸಣ್ಣ ವೃತ್ತ ಕೊರೆದು ಖಾಲಿ ಬಿಟ್ಟಿದ್ದಾರೆ. ಅಪ್ಪ ಒಂದು ಅಗುಳೂ ತಾಗಿಸದಿದ್ದ ಮೂಲೆ ಅದೇ. ಏನು ಬರೆಯಬೇಕು ಎಂದು ಮರೆತರೋ, ಮೊಳೆ ಮುರಿಯಿತೋ, ತಿಳಿಯದು.

ಇನ್ನೊಂದು ಹೇಳಿಬಿಡುತ್ತೇನೆ, ಬೈದರೂ ಸರಿ. ನಿಮ್ಮ ತಂದೆ ರುಚಿಗೆ ತಿಂದವರಲ್ಲ. ಮೊದಲ ಸಲ ಆ ಮಾಂಸದ ತುಂಡನ್ನು ಎದುರಿಗಿಟ್ಟಾಗ ಕಣ್ಣು ಮುಚ್ಚಿಕೊಂಡು ಹೇಳಿದರಂತೆ: "ಮನೇಲಿ ಮಗು ಹುಟ್ಟಿರುತ್ತೆ ಸಾಬರೇ. ಗಂಡೋ ಹೆಣ್ಣೋ ಗೊತ್ತಿಲ್ಲ. ನಾನು ಹೋಗಿ ನೋಡ್ಬೇಕು. ಹಾಕಿ." ಆಮೇಲೆ ಎಂದೂ ಬೇಡ ಎನ್ನಲಿಲ್ಲ. ಜ್ವರ ಬಿಡಲಿಲ್ಲ, ಅಷ್ಟೇ. ದಯವಿಟ್ಟು ಅವರನ್ನು ಕ್ಷಮಿಸಿ. ನನ್ನನ್ನು ಬೇಕಾದರೆ ಬಿಡಿ.

ಹಫೀಜುಲ್ಲಾ


ಹರ್ನ್‌ಡನ್
೧೧ ಜುಲೈ ೨೦೨೩

ಹಫೀಜುಲ್ಲಾ ಅವರಿಗೆ,

ಒಡೆಯಬೇಡಿ ಎಂಬ ಪತ್ರ ಒಡೆಯಬಾರದ ಪತ್ರಕ್ಕಿಂತ ಒಂದು ದಿನ ಮೊದಲೇ ಬಂತು. ಹಾಗೆ ಬರೆದರೆ ಒಡೆಯದವರು ಯಾರಾದರೂ ಇದ್ದಾರೆಯೇ? ನಿಮ್ಮಂಥವರನ್ನು ಕಟ್ಟಿಕೊಂಡು ಆ ಫಿರೋಜಾ ಹೇಗೆ ಏಗುತ್ತಿದ್ದಾರೋ.

ಉತ್ತರ ಬರೆಯಲು ಏಳು ಸಲ ಕೂತೆ, ಏಳು ಸಲ ಹರಿದೆ. ಇದು ಎಂಟನೆಯದು. ಇದನ್ನು ರಚನಾಗೂ ಹೇಳಿಲ್ಲ.

ನಾನು ಅಪ್ಪನನ್ನು ದ್ವೇಷಿಸುತ್ತಿದ್ದೆ.

ನನ್ನ ಮೊದಲ ಪತ್ರದಲ್ಲಿ ಮಡಿ, ಆಚಾರ ಎಂದು ಬರೆದದ್ದು ಅಮ್ಮನ ಪಾಠ. ಬಾಯಿಪಾಠ. ಮನೆಗೆ ಬಂದವರಿಗೆಲ್ಲ ಅಮ್ಮ ಅದನ್ನೇ ಹೇಳುತ್ತಿದ್ದಳು. "ಪ್ರಾಣ ಬಿಟ್ಟರು, ಆಚಾರ ಬಿಡಲಿಲ್ಲ." ಬಂದವರು ಕಣ್ಣಿಗೊತ್ತಿಕೊಳ್ಳುವವರು. ನಾನು ಕಂಬದ ಹಿಂದೆ ನಿಂತು ಯೋಚಿಸುತ್ತಿದ್ದೆ: ಒಂದು ತುತ್ತು ತಿಂದಿದ್ದರೆ ಏನಾಗುತ್ತಿತ್ತು? ಯಾರ ಕೈಯದಾದರೂ ಸರಿ, ಒಂದು ತುತ್ತು. ನನಗಿಂತ ಮಡಿ ಹೆಚ್ಚಾಯಿತಲ್ಲ ಈ ಮನುಷ್ಯನಿಗೆ! ಶಾಲೆಯಲ್ಲಿ ತಂದೆಯ ಹೆಸರು ಬರೆಯುವಾಗೆಲ್ಲ ಹಲ್ಲು ಕಚ್ಚಿ ಬರೆದಿದ್ದೇನೆ. ಇಷ್ಟು ವರ್ಷ ಎಡೆ ಇಟ್ಟೆ, ಸಿಟ್ಟಿನಲ್ಲೇ ಇಟ್ಟೆ. ಆ ತಟ್ಟೆ ಬೇಕು ಎಂದು ಹಟ ಮಾಡಿದ್ದು ಯಾಕೆ ಗೊತ್ತೇ? ಎದುರಿಗಿಟ್ಟುಕೊಂಡು ಒಂದು ಸಲ ಬಾಯಿತುಂಬ ಕೇಳಬೇಕಿತ್ತು, ನನಗಿಂತ ನಿಮ್ಮ ತಟ್ಟೆ ದೊಡ್ಡದಾಯಿತೇ ಎಂದು.

ನೀವು, ನಿಮ್ಮ ತಂದೆ, ಇಬ್ಬರೂ ಸೇರಿ ನನಗೆ ನೋವಾಗಬಾರದು ಎಂದು ಎಂಥ ಕೆಲಸ ಮಾಡಿದಿರಿ! ನನಗೆ ಬೇಕಾಗಿದ್ದ ಒಂದೇ ಒಂದು ಮಾತನ್ನು ಟವಲ್ ಹೊದಿಸಿ ಇಟ್ಟಿರಿ. "ನಾನು ಹೋಗಿ ನೋಡಬೇಕು, ಹಾಕಿ." ಇದನ್ನು ನವೆಂಬರಿನಲ್ಲೇ ಬರೆದಿದ್ದರೆ ನಿಮ್ಮ ಕೈ ಸವೆಯುತ್ತಿತ್ತೇ? ಕಿರೀಟಕ್ಕೆ ಮೂರೂವರೆ ಪುಟ ಇತ್ತು!

ಹಾವು ತಿಂದರು. ಇಲಿ ತಿಂದರು. ಇನ್ನೂ ಏನಾದರ ಹೆಸರು ಬಿಟ್ಟಿದ್ದರೆ ಬರೆಯಿರಿ. ನನಗೆ ಪೂರ್ತಿ ಬೇಕು.

ಕಳವು ಎಂದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ನಿಮ್ಮ ತಂದೆ ನಮ್ಮ ಬಾಗಿಲಲ್ಲಿ ಬೊಗಸೆಯಲ್ಲಿ ಕುಡಿದ ಮಜ್ಜಿಗೆಗೆ ನಾನು ಏನು ಹೇಳಲಿ, ತಿಳಿಯದು. ಅಮ್ಮ ಮೇಲಿನಿಂದ ಹೊಯ್ದದ್ದು ನನಗೆ ನೆನಪಿದೆ. ಮಜ್ಜಿಗೆ ಕೊಟ್ಟಳು ಎಂದಷ್ಟೇ ನಿಮಗೆ ಬರೆದಿದ್ದೆ.

ಇನ್ನು ಆ ಖಾಲಿ ವೃತ್ತ. ಮೊಳೆ ಮುರಿಯಿತಂತೆ! ನಿಮ್ಮ ಪಡಿಯಚ್ಚು ಕೈಗೆತ್ತಿಕೊಂಡ ಕೂಡಲೇ ಗೊತ್ತಾಯಿತು. ಎಲೆಯಲ್ಲಿ ಎಡತುದಿ ಯಾವುದರ ಜಾಗ? ನಮ್ಮ ಮನೆಯಲ್ಲಿ ಐದು ವರ್ಷದ ಮಗುವೂ ಹೇಳುತ್ತದೆ. ಅದು ಉಪ್ಪಿನ ಜಾಗ. ಎಲೆ ಹಾಕಿದರೆ ಅಲ್ಲಿಗೆ ಬೀಳಬೇಕಾದದ್ದು ಉಪ್ಪು. ಎಲ್ಲವನ್ನೂ ಬರೆದವರು ಅದನ್ನು ಯಾಕೆ ಬಿಟ್ಟರು ಎಂಬುದು ಮಾತ್ರ ನನಗೆ ಹೊಳೆಯುತ್ತಿಲ್ಲ. ನೆನಪು ಮಾಡಿಕೊಳ್ಳಿ. ನಾಟಕ ಬೇಡ, ನೆನಪು.

ರಾಜಲಕ್ಷ್ಮಿ


ಕಮ್ಮಿಂಗ್
೨೫ ಸೆಪ್ಟೆಂಬರ್ ೨೦೨೩

ರಾಜಲಕ್ಷ್ಮಕ್ಕನವರಿಗೆ,

ಅಕ್ಕ ಎಂದು ಬರೆದೆ. ಬೇಡವಾದರೆ ಕೆಂಪು ಇಂಕಿನಲ್ಲಿ ಹೊಡೆದುಹಾಕಿ.

ಎರಡು ತಿಂಗಳು ನೆನಪು ಮಾಡಿಕೊಂಡೆ. ಕೊನೆಗೆ ನೆನಪಾದದ್ದು ನನ್ನದೇ ಪತ್ರ! ನಾನೇ ನಿಮ್ಮನ್ನು ನಗಿಸಲೆಂದು ಬರೆದಿದ್ದೆನಲ್ಲ, ಅಮ್ಮಿ ಆ ಮೂಲೆಗೆ ಉಪ್ಪು ಹಾಕಿ ಮೂರು ದಿನ ಮಾತು ಬಿಟ್ಟ ಕಥೆ. "ಅಲ್ಲಿ ಹಾಕೋದು ನಮ್ಮನೆ ಉಪ್ಪಲ್ಲ ಕಣೇ." ಅಮ್ಮಿ ಸಾಯುವವರೆಗೂ ಅದನ್ನು ತನ್ನ ಅಡುಗೆಗೆ ಆದ ಅವಮಾನ ಎಂದುಕೊಂಡಿದ್ದಳು. ನಾನು ಅದನ್ನು ಹತ್ತು ಮದುವೆ ಮನೆಗಳಲ್ಲಿ ಅಭಿನಯಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ದಡ್ಡ, ಶತದಡ್ಡ!

ಶಿಬಿರದಲ್ಲಿ ಉಪ್ಪು ಇರಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಗೆಣಸನ್ನು ಹೋಳಿಗೆ ಎಂದುಕೊಂಡು ತಿನ್ನಬಹುದು, ಉಪ್ಪು ಎಂದುಕೊಂಡು ಏನನ್ನು ತಿನ್ನುವುದು? ನಿಮ್ಮ ತಂದೆ ಅದೊಂದನ್ನು ಬರೆಯಲು ಬಿಡಲಿಲ್ಲವಂತೆ. ಅವರಾಡಿದ ಮಾತನ್ನೂ ಅಪ್ಪ ಹೇಳಿದ್ದರು. ಯಾವ ಮನೆ, ಯಾವ ಉಪ್ಪು ಎಂದು ನಾನು ಕೇಳಲಿಲ್ಲ. ಅಂದು ನನಗೆ ನಾಟಕಕ್ಕೆ ಹೊತ್ತಾಗಿತ್ತು. "ಅದು ಖಾಲಿ ಇರಲಿ ಸಾಬರೇ. ಅದನ್ನ ನಮ್ಮನೇಲಿ ಬಡಿಸ್ತಾರೆ."

ತಟ್ಟೆ ಕಳಿಸುತ್ತಿದ್ದೇನೆ. ಅಂಚೆಯಲ್ಲಿ ಅಲ್ಲ. ನನ್ನ ಮಗ ವಕಾರ್ ಕೆಲಸದ ಮೇಲೆ ನಿಮ್ಮ ಕಡೆ ಬರುತ್ತಿದ್ದಾನೆ. ನಿಮ್ಮಲ್ಲಿನ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಇಳಿದು ನೇರ ನಿಮ್ಮ ಮನೆಗೆ. ಫಿರೋಜಾ ಅದರಲ್ಲಿ ಒಂದು ಹಿಡಿ ಸಕ್ಕರೆ ಕಟ್ಟಿಟ್ಟಿದ್ದಾಳೆ, ಖಾಲಿ ತಟ್ಟೆ ಕೊಡಬಾರದಂತೆ. ನಿಮ್ಮ ಪತ್ರಗಳನ್ನೆಲ್ಲ ನಾನು ಗಟ್ಟಿಯಾಗಿಯೇ ಓದುತ್ತಿದ್ದೆನಲ್ಲ.

ಅಮಾವಾಸ್ಯೆಗೆ ಹತ್ತೊಂಬತ್ತು ದಿನ ಇದೆ. ನನಗೆ ವಾಪಸು ಯಾವಾಗ ಎಂದು ನಾನು ಕೇಳುವುದಿಲ್ಲ. ಕೇಳಬೇಕು ಅನ್ನಿಸುತ್ತಿದೆ, ಆದರೂ ಕೇಳುವುದಿಲ್ಲ.

ಹಫೀಜುಲ್ಲಾ


ಹರ್ನ್‌ಡನ್
೧೪ ಅಕ್ಟೋಬರ್ ೨೦೨೩, ಮಹಾಲಯ ಅಮಾವಾಸ್ಯೆ

ತಮ್ಮ ಹಫೀಜ,

ವಕಾರ್ ತಂದುಕೊಟ್ಟ. ನಿನ್ನ ಹಾಗಲ್ಲ, ಮೆಲ್ಲಗೆ ಮಾತಾಡುತ್ತಾನೆ. ಕಾಫಿ ಕುಡಿದು ಹೋದ. ಲೋಟ ಅವನ ಕೈಗೇ ಕೊಟ್ಟೆ. ಹೇಳಬೇಕು ಅನ್ನಿಸಿತು, ಹೇಳಿದೆ.

ಇವತ್ತು ಬೆಳಗ್ಗೆ ಎಡೆ ಇಟ್ಟೆ. ಹಿತ್ತಿಲ ಡೆಕ್ಕಿನ ಮೇಲೆ ಇಡುತ್ತೇನೆ ಎಂದರೆ ರಚನಾ, "ಅಮ್ಮಾ, ಅಳಿಲು ಬಂದು ಎಳ್ಕೊಂಡು ಹೋಗತ್ತೆ" ಎಂದು ಬಿಡಲಿಲ್ಲ. ಊಟದ ಮೇಜಿನ ಮೇಲೇ ಇಟ್ಟೆ. ಬರೆದಿರುವ ಜಾಗಕ್ಕೆ ಬರೆದಿರುವುದನ್ನೇ ಬಡಿಸಿದೆ. ಕೋಸಂಬರಿ, ಪಲ್ಯ, ಗೊಜ್ಜು, ಚಿತ್ರಾನ್ನ, ತೊವ್ವೆ. ಶೀರ್ ಖುರ್ಮಾ ಮಾಡುವುದು ಹೇಗೆಂದು ಫಿರೋಜಾಳನ್ನು ಫೋನಿನಲ್ಲಿ ಕೇಳಿಕೊಂಡು ಮಾಡಿದೆ. ಗಟ್ಟಿಯಾಯಿತು. ಪುರೋಹಿತರಿಗೆ ಹೇಳಿಲ್ಲ, ನೀನೂ ಹೇಳಬೇಡ.

ಬೈಯಬೇಕು ಎಂದುಕೊಂಡಿದ್ದೆನಲ್ಲ, ಎಲ್ಲ ಸಿದ್ಧವಾಗಿತ್ತು. ಎದುರಿಗೆ ಕೂತೆ, ಒಂದೂ ನೆನಪಾಗಲಿಲ್ಲ. ಕೊನೆಗೆ ಆ ಖಾಲಿ ವೃತ್ತಕ್ಕೆ ಬಂದೆ. ಸ್ವಲ್ಪ ಹೆಚ್ಚೇ ಬಿತ್ತು.

"ಹೆಣ್ಣು ಮಗು ಅಪ್ಪ" ಎಂದೆ. "ಉಪ್ಪು ಬಡಿಸಿದ್ದೇನೆ. ಊಟ ಮಾಡಿ."

ನಿನ್ನ ತಂದೆಯ ಕಡೆಯ ಅರ್ಧಕ್ಕೆ ಹೋಳಿಗೆ ಒಂದನ್ನೇ ಇಟ್ಟಿದ್ದೇನೆ. ಪಲಾವು, ಖುರ್ಮಾ ನನಗೆ ಬರುವುದಿಲ್ಲ. ಆ ಕಡೆ ಖಾಲಿಯಾಗಿ ಕಾಣುತ್ತಿದೆ, ಸರಿಯಿಲ್ಲ. ಫಿರೋಜಾಳನ್ನು ಕರೆದುಕೊಂಡು ಬಂದು ಬಡಿಸಿ, ಎದುರಿಗೆ ಕೂತುಕೊಂಡು ಉಣ್ಣು. ತಟ್ಟೆ ಯಾರದು ಎಂದು ಆಮೇಲೆ ಜಗಳವಾಡೋಣ.

ಬರುವಾಗ ಕಿವಿಯ ಮಿಷನ್ ಹಾಕಿಕೊಂಡು ಬಾ. ನನಗೆ ಕೂಗಲು ಆಗುವುದಿಲ್ಲ.

ನಿನ್ನ ಅಕ್ಕ,
ರಾಜಲಕ್ಷ್ಮಿ